‘ಅಡ್ಡಿಲ್ಲೆ’ಯ ಆಚೆಗೆ: ಕಾರುಗಳ್ಳರ ಚಿತ್ರವೊಂದರ ಹಳೆಯ, ಹೊಸ ರೂಪಗಳನ್ನು ನೋಡಿ ಅಭಿಪ್ರಾಯ ದಾಖಲಿಸುವ ಕ್ರಮ

ಶಿರಸಿ ಸೀಮೆಯ ಯಾವ ಮನೆಯ ಜಗಲಿಯಲ್ಲಾದರೂ ಸಿನೆಮಾ ತೋರಿಸಿ, ಮುಗಿದ ಮೇಲೆ ‘ಹೇಗಿತ್ತು?’ ಎಂದು ಕೇಳಿದರೆ ಬರುವ ಉತ್ತರ ‘ಅಡ್ಡಿಲ್ಲೆ’, ಎಂದರೆ ಅಡ್ಡಿಯಿಲ್ಲ, ಪರವಾಗಿಲ್ಲ. ಮದುವೆಯೂಟಕ್ಕೂ ಇದೇ ಮಾತು, ಹೊಸ ಅಳಿಯನಿಗೂ ಇದೇ ಮಾತು, ಅಡಿಕೆಯ ಧಾರಣೆಗೂ ಇದೇ ಮಾತು. ಅದರೊಳಗೆ ‘ಬಹಳ ಹಿಡಿಸಿತು’ ಎಂಬುದೂ ಅಡಗಿರಬಹುದು, ‘ನಡುವೆ ಎರಡು ಸಲ ತೂಕಡಿಸಿದೆ’ ಎಂಬುದೂ ಅಡಗಿರಬಹುದು. ಯಾವುದೆಂಬುದನ್ನು ಹೇಳುವವರ ಮುಖ ನೋಡಿ ತಿಳಿಯಬೇಕು. ಮುಖ ನೋಡಿ ತಿಳಿದದ್ದನ್ನು ಕಾಗದದ ಮೇಲೆ ಇಳಿಸುವುದು ಕಷ್ಟ. ನೋಡುಗರ ಅಭಿಪ್ರಾಯಗಳನ್ನು ನಾಲ್ಕು ಜನ ಓದುವಂತೆ ಬರೆದಿಡಬೇಕೆಂದು ಹೊರಟವರಿಗೆ ಎದುರಾಗುವ ಮೊದಲ ತೊಡಕು ಇದೇ.

ಕಳೆದ ಮಳೆಗಾಲದಲ್ಲಿ ನಾವು ಕೆಲವರು ಸೇರಿ ಕಾರು ಕಳ್ಳತನದ ಒಂದೇ ಕಥೆಯ ಎರಡು ಅಮೆರಿಕನ್ ಚಿತ್ರಗಳನ್ನು, ಶಿರಸಿಯ ಸಮೀಪದ ನಮ್ಮ ಮನೆಯಲ್ಲಿ ಒಮ್ಮೆ ಮತ್ತು ಕಾರವಾರದ ಗೆಳೆಯನ ಮನೆಯಲ್ಲಿ ಒಮ್ಮೆ, ನೋಡಿ ಚರ್ಚಿಸಿದೆವು. ಎರಡರ ಹೆಸರೂ ‘ಗಾನ್ ಇನ್ ಸಿಕ್ಸ್ಟಿ ಸೆಕೆಂಡ್ಸ್’; ಮೊದಲನೆಯದು 1974ರದ್ದು, ಅದರ ರೀಮೇಕ್ 2000ದ ಜೂನ್‌ನಲ್ಲಿ ತೆರೆಗೆ ಬಂದದ್ದು. ಆ ಎರಡು ಕೂಟಗಳಲ್ಲಿ ನಾವು ಮಾಡಿದ ತಪ್ಪುಗಳಿಂದ ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕೂಟವನ್ನು ನೀವು ಮನೆಯ ಮಟ್ಟದಲ್ಲಿ ನಡೆಸಿದರೆ ತೊಂದರೆಯಿಲ್ಲ. ಸಭಾಭವನದಲ್ಲಿ ಊರಿಗೆಲ್ಲ ತೋರಿಸುವುದಾದರೆ ಚಿತ್ರದ ಹಕ್ಕು ಹೊಂದಿದವರ ಅನುಮತಿ ಬೇಕಾಗುತ್ತದೆ. ಚಿತ್ರಗಳ ಕಥೆಯ ಕೊನೆಯನ್ನೂ ಈ ಬರಹ ಬಿಟ್ಟುಕೊಡುತ್ತದೆಯಾದ್ದರಿಂದ, ನೋಡದೆ ಇರುವವರು ಬೇಕಿದ್ದರೆ ನೋಡಿಕೊಂಡು ಬಂದು ಮುಂದೆ ಓದಬಹುದು.

ನಡೆಸುವವರು ಮೊದಲೇ ತಿಳಿದಿರಬೇಕಾದದ್ದು

ಚರ್ಚೆ ನಡೆಸುವವರಿಗೆ ಎರಡೂ ಚಿತ್ರಗಳ ಹಿನ್ನೆಲೆ ಗೊತ್ತಿರಬೇಕು, ಆದರೆ ಅದನ್ನು ಮೊದಲೇ ಹೇಳಿಬಿಡಬಾರದು. ಹೇಳಿದರೆ ನೋಡುಗರು ತಮ್ಮ ಕಣ್ಣಿನಿಂದ ನೋಡುವುದನ್ನು ಬಿಟ್ಟು ನಿಮ್ಮ ಮಾತನ್ನು ಪರದೆಯ ಮೇಲೆ ಹುಡುಕಲು ತೊಡಗುತ್ತಾರೆ.

1974ರ ಚಿತ್ರವನ್ನು ಬರೆದವರು, ನಿರ್ಮಿಸಿದವರು, ನಿರ್ದೇಶಿಸಿದವರು, ನಾಯಕನಾಗಿ ನಟಿಸಿ ಕಾರನ್ನೂ ತಾವೇ ಓಡಿಸಿದವರು ಎಚ್. ಬಿ. ಹ್ಯಾಲಿಕಿ ಎಂಬ ಒಬ್ಬರೇ. ವೃತ್ತಿನಟರ ಬದಲು ಹೆಚ್ಚಾಗಿ ಗೆಳೆಯರನ್ನೂ ಬಂಧುಗಳನ್ನೂ ಹಾಕಿಕೊಂಡು, ಲಾಸ್ ಏಂಜಲೀಸ್ ಹಾಗೂ ಲಾಂಗ್ ಬೀಚ್ ಸುತ್ತಲಿನ ನಿಜವಾದ ಬೀದಿಗಳಲ್ಲಿ ಅವರು ಚಿತ್ರೀಕರಿಸಿದರು. ಕಥಾನಾಯಕ ಮೇಂಡ್ರಿಯನ್ ಪೇಸ್ ಹಗಲು ವಿಮಾ ತನಿಖೆಯ ಕೆಲಸ ಮಾಡುವವನು, ಒಳಗಿಂದೊಳಗೆ ಕಾರು ಕದಿಯುವವನು. ಅವನಿಗೆ 48 ಕಾರುಗಳ ಪಟ್ಟಿ ಬರುತ್ತದೆ. ಪ್ರತಿ ಕಾರಿಗೂ ಒಂದು ಹೆಣ್ಣಿನ ಹೆಸರು ಇಟ್ಟಿದ್ದಾರೆ, ಅವುಗಳಲ್ಲಿ ‘ಎಲಿನೋರ್’ ಎಂಬುದು ಹಳದಿ ಬಣ್ಣದ ಫೋರ್ಡ್ ಮಸ್ಟಾಂಗ್. ಚಿತ್ರದ ಕೊನೆಯ ಭಾಗದಲ್ಲಿ ಸುಮಾರು 40 ನಿಮಿಷಗಳ ಬೆನ್ನಟ್ಟುವ ದೃಶ್ಯವಿದ್ದು, ಇಡೀ ಚಿತ್ರದಲ್ಲಿ ಜಖಂ ಆದ ಕಾರುಗಳ ಲೆಕ್ಕ 93. ಹ್ಯಾಲಿಕಿ 1989ರಲ್ಲಿ ಇದರ ಎರಡನೆಯ ಭಾಗದ ಚಿತ್ರೀಕರಣದ ವೇಳೆ, ಸಾಹಸ ದೃಶ್ಯವೊಂದರ ಸಿದ್ಧತೆಯಲ್ಲಿ ಕಂಬವೊಂದು ಮೈಮೇಲೆ ಬಿದ್ದು ತೀರಿಕೊಂಡರು.

2000ದ ಚಿತ್ರ ದೊಡ್ಡ ಮೇಳದ ಆಟ. ನಿರ್ಮಾಪಕ ಜೆರ್ರಿ ಬ್ರಕ್‌ಹೈಮರ್, ನಿರ್ದೇಶಕ ಮ್ಯೂಸಿಕ್ ವಿಡಿಯೊಗಳ ಹಿನ್ನೆಲೆಯಿಂದ ಬಂದ ಡೊಮಿನಿಕ್ ಸೆನಾ. ನಿಕೋಲಸ್ ಕೇಜ್, ಏಂಜಲಿನಾ ಜೋಲಿ, ರಾಬರ್ಟ್ ಡುವಾಲ್ ಮುಂತಾದ ಹೆಸರುವಾಸಿ ನಟರು, ಸುಮಾರು 9 ಕೋಟಿ ಡಾಲರ್ ಖರ್ಚು. ಇಲ್ಲಿ ಕಾರುಗಳು 50. ಕಳ್ಳತನ ಬಿಟ್ಟು ತಣ್ಣಗಿದ್ದ ಮೆಂಫಿಸ್ ರೇನ್ಸ್ ತನ್ನ ತಮ್ಮನ ಜೀವ ಉಳಿಸುವುದಕ್ಕಾಗಿ ಮತ್ತೆ ಹಳೆಯ ಕಸುಬಿಗೆ ಇಳಿಯುತ್ತಾನೆ. ಎಲಿನೋರ್ ಈಗ ಬೂದು ಬಣ್ಣದ, ಕಪ್ಪು ಪಟ್ಟೆಯ 1967ರ ಶೆಲ್ಬಿ ಮಸ್ಟಾಂಗ್ ಜಿಟಿ 500. ವಿಮರ್ಶಕರಲ್ಲಿ ಹೆಚ್ಚಿನವರು ಈ ಚಿತ್ರವನ್ನು ತೆಗಳಿದರು. ಜನ ಮಾತ್ರ ಟಿಕೆಟ್ ಕೊಂಡು ನೋಡಿದರು, ಪ್ರಪಂಚದಾದ್ಯಂತ 23 ಕೋಟಿ ಡಾಲರಿಗೂ ಮಿಕ್ಕಿ ಗಳಿಕೆಯಾಯಿತು. ನೋಡುಗರ ಅಭಿಪ್ರಾಯವನ್ನು ವಿಮರ್ಶಕರದ್ದರಿಂದ ಬೇರೆಯಾಗಿ ಬರೆದಿಡುವ ಕೆಲಸಕ್ಕೆ ಈ ಚಿತ್ರವನ್ನೇ ನಾವು ಆರಿಸಿಕೊಂಡದ್ದು ಆ ಕಾರಣಕ್ಕೆ.

ಇನ್ನೊಂದು ಎಚ್ಚರಿಕೆ. ಹಳೆಯ ಚಿತ್ರದ ಈಚಿನ ಆವೃತ್ತಿಗಳಲ್ಲಿ ಮೂಲ ಸಂಗೀತವನ್ನು ತೆಗೆದು ಬೇರೆಯದನ್ನು ಹಾಕಿದ್ದಾರೆ. ‘ಸಂಗೀತ ಚಿತ್ರಕ್ಕೆ ಹೊಂದುವುದಿಲ್ಲ’ ಎಂದು ಯಾರಾದರೂ ಹೇಳಿದರೆ, ಅದನ್ನು 1974ರ ತಪ್ಪೆಂದು ಬರೆದುಕೊಳ್ಳುವ ಮೊದಲು ನೀವು ತೋರಿಸಿದ ಪ್ರತಿ ಯಾವುದೆಂದು ನೋಡಿಕೊಳ್ಳಬೇಕು.

ಯಾವುದನ್ನು ಮೊದಲು ತೋರಿಸಬೇಕು

ಮೂಲವನ್ನು ಮೊದಲು ತೋರಿಸುವುದೇ ಸಹಜವೆಂದು ಎಲ್ಲರಿಗೂ ತೋರುತ್ತದೆ. ಶಿರಸಿಯಲ್ಲಿ ನಾವು ಹಾಗೆಯೇ ಮಾಡಿದೆವು, ಪೆಟ್ಟು ತಿಂದೆವು. ಹಳೆಯ ಚಿತ್ರದ ಮೊದಲ ಅರ್ಧದಲ್ಲಿ ಕಥೆ ಹೇಳುವ ಗೊಡವೆಗೆ ನಿರ್ದೇಶಕರು ಹೆಚ್ಚು ಹೋಗಿಲ್ಲ. ಯಾರು ಯಾರ ಕಡೆಯವರು, ಈಗ ಕದ್ದದ್ದು ಎಷ್ಟನೆಯ ಕಾರು ಎಂಬುದು ತಿಳಿಯುವುದರೊಳಗೆ ನಮ್ಮ ಜಗಲಿಯಲ್ಲಿ ಎಲೆಯಡಿಕೆಯ ಕವಳದ ಬಟ್ಟಲು ಎರಡು ಸುತ್ತು ಬಂದಿತ್ತು, ಹುಡುಗರು ಮೊಬೈಲು ತೆಗೆದಿದ್ದರು. ಕಾರವಾರದಲ್ಲಿ ಕ್ರಮವನ್ನು ತಿರುಗಿಸಿದೆವು. ಮೊದಲ ದಿನ 2000ದ ಚಿತ್ರ, ಮರುದಿನ 1974ರದ್ದು. ಕಥೆ ಆಗಲೇ ಗೊತ್ತಿದ್ದುದರಿಂದ ಎರಡನೆಯ ದಿನ ಜನ ಕಥೆಗಾಗಿ ಕಾಯಲಿಲ್ಲ, ‘ಇದನ್ನು ಹೇಗೆ ತೆಗೆದಿದ್ದಾರೆ’ ಎಂದು ನೋಡಿದರು. ಆದ್ದರಿಂದ ನನ್ನ ಸಲಹೆ ಹೊಸದನ್ನು ಮೊದಲು, ಹಳೆಯದನ್ನು ಆಮೇಲೆ ತೋರಿಸುವುದು, ನಡುವೆ ಒಂದು ರಾತ್ರಿಯನ್ನಾದರೂ ಬಿಡುವುದು. ಒಂದೇ ದಿನ ಎರಡನ್ನೂ ಹಾಕಿದರೆ ಬೆಳಗಿನ ಜಾವದ ಹೊತ್ತಿಗೆ ಎಲ್ಲ ಕಾರುಗಳೂ ಒಂದೇ ಬಣ್ಣಕ್ಕೆ ಬಂದಿರುತ್ತವೆ.

ನಮ್ಮ ಜಿಲ್ಲೆಯ ನೋಡುಗರಿಗೆ ಈ ಕ್ರಮವನ್ನು ವಿವರಿಸಲು ಹೆಚ್ಚು ಮಾತು ಬೇಕಿಲ್ಲ. ಗದಾಯುದ್ಧದ ಕಥೆ ತಿಳಿಯದೆ ಆ ಯಕ್ಷಗಾನದ ಆಟಕ್ಕೆ ಯಾರೂ ಹೋಗುವುದಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರ ಕೌರವನನ್ನು ಕಂಡ ಹಿರಿಯರು ಇನ್ನೊಬ್ಬರ ಕೌರವನನ್ನು ನೋಡುವಾಗ ‘ಕಥೆ ಬದಲಾಗಿದೆಯೇ’ ಎಂದು ಕೇಳುವುದಿಲ್ಲ. ವೈಶಂಪಾಯನ ಸರೋವರದ ಪ್ರವೇಶದಲ್ಲಿ ಈತ ಏನು ಮಾಡಿದ, ಯಾವ ಪದ್ಯಕ್ಕೆ ಎಷ್ಟು ಅರ್ಥ ಹೇಳಿದ, ಎಲ್ಲಿ ಸುಮ್ಮನಾದ ಎಂದು ನೋಡುತ್ತಾರೆ. ಪ್ರಸಂಗ ಒಂದೇ, ಮೇಳ ಬೇರೆ. ರೀಮೇಕ್ ಚಿತ್ರವನ್ನು ನೋಡುವ ಅಭ್ಯಾಸ ನಮ್ಮಲ್ಲಿ ಹೀಗೆ ಸಿನೆಮಾಕ್ಕಿಂತ ಮೊದಲೇ ಇದೆ, ಆದರೆ ಇಂಗ್ಲಿಷ್ ಚಿತ್ರದ ಮುಂದೆ ಕೂತಾಗ ನಾವು ಅದನ್ನು ಮರೆತು ‘ಅದರಂತೆ ಇಲ್ಲ’, ‘ಅದಕ್ಕಿಂತ ಚೆನ್ನಾಗಿದೆ’ ಎಂಬ ಎರಡೇ ಮಾತಿಗೆ ಇಳಿಯುತ್ತೇವೆ. ಚರ್ಚೆಗೆ ಮುನ್ನ ಈ ಹೋಲಿಕೆಯನ್ನು ಒಂದು ಮಾತಿನಲ್ಲಿ ನೆನಪಿಸಿದರೆ ಸಾಕು, ಆಟ ನೋಡಿ ಬಲ್ಲವರ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

ಚೀಟಿ ಮೊದಲು, ಮಾತು ಆಮೇಲೆ

ನಮ್ಮ ಮನೆಗಳಲ್ಲಿ ಹಿರಿಯರು ಒಂದು ಮಾತು ಹೇಳಿದ ಮೇಲೆ ಕಿರಿಯರು ಅದಕ್ಕೆ ಎದುರಾಡುವುದಿಲ್ಲ. ಒಳ್ಳೆಯ ರೂಢಿಯೇ, ಆದರೆ ಅಭಿಪ್ರಾಯ ಸಂಗ್ರಹಿಸುವವರಿಗೆ ಇದಕ್ಕಿಂತ ದೊಡ್ಡ ಅಡ್ಡಿ ಇಲ್ಲ. ಶಿರಸಿಯ ಮೊದಲ ರಾತ್ರಿ ಚಿತ್ರ ಮುಗಿದೊಡನೆ ನಮ್ಮ ಸೋದರಮಾವ ‘ಅಡ್ಡಿಲ್ಲೆ’ ಎಂದರು, ಅಲ್ಲಿಗೆ ಹದಿನಾಲ್ಕು ಮಂದಿಯ ಅಭಿಪ್ರಾಯವೂ ‘ಅಡ್ಡಿಲ್ಲೆ’ಯೇ ಆಗಿ ಕೂತಿತು. ಆದ್ದರಿಂದ ದೀಪ ಹಾಕುವ ಮೊದಲೇ ಎಲ್ಲರ ಕೈಗೆ ಒಂದು ಚೀಟಿ ಮತ್ತು ಪೆನ್ಸಿಲ್ ತಲುಪಿರಬೇಕು. ಯಾರೂ ಮಾತಾಡುವ ಮುನ್ನ ಎರಡು ಸಾಲು ಬರೆಯಬೇಕು, ಹೆಸರು ಬರೆಯಬಾರದು. ಬರೆಯಲು ಬಾರದವರ, ಕನ್ನಡಕ ಮರೆತು ಬಂದವರ ಮಾತನ್ನು ಪಕ್ಕದಲ್ಲಿ ಕೂತು ಇನ್ನೊಬ್ಬರು ಬರೆದುಕೊಳ್ಳಬಹುದು, ಆದರೆ ಅವರು ಹೇಳಿದ ನುಡಿಯಲ್ಲಿಯೇ. ಹವ್ಯಕರ ಆಡುನುಡಿಯಾದ ಹವಿಗನ್ನಡದಲ್ಲಿ ಹೇಳಿದ್ದನ್ನು ಪುಸ್ತಕದ ಕನ್ನಡಕ್ಕೆ, ಕೊಂಕಣಿಯಲ್ಲಿ ಹೇಳಿದ್ದನ್ನು ಸಪ್ಪೆ ಕನ್ನಡಕ್ಕೆ ತಿರುಗಿಸಿದರೆ ಅಭಿಪ್ರಾಯದ ಉಪ್ಪುಖಾರವೆಲ್ಲ ಹೋಗಿಬಿಡುತ್ತದೆ.

ಚೀಟಿಗಳು ಕೂಡಿದ ಮೇಲೆ ಮಾತಿಗೆ ತೊಡಗುವಾಗ ಕಿರಿಯರಿಂದ ಆರಂಭಿಸುವುದು ಒಳ್ಳೆಯದು. ‘ತಮಾ, ನೀ ಮೊದ್ಲು ಹೇಳು’ ಎಂದು ಹಿರಿಯರೇ ಹೇಳಿಬಿಟ್ಟರೆ ಹುಡುಗರಿಗೆ ಧೈರ್ಯ ಬರುತ್ತದೆ. ಇದಕ್ಕಾಗಿ ಹಿರಿಯರೊಬ್ಬರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಬೇಕು.

ನಮಗೆ ಸಿಕ್ಕ ಅತ್ಯುತ್ತಮ ಚರ್ಚೆ ನಾವು ಯೋಜಿಸಿದ್ದಲ್ಲ. ಶಿರಸಿಯಲ್ಲಿ ಹಳೆಯ ಚಿತ್ರದ ಬೆನ್ನಟ್ಟುವ ದೃಶ್ಯದ ನಡುವೆ, ಹಳದಿ ಕಾರು ಹೆದ್ದಾರಿಯಲ್ಲಿ ದೀಪದ ಕಂಬಕ್ಕೆ ಹೊಡೆದು ತಿರುಗಿ ನಿಂತ ಸ್ವಲ್ಪ ಹೊತ್ತಿಗೆ, ಕರೆಂಟು ಹೋಯಿತು. ಹೊರಗೆ ಜಡಿಮಳೆ, ಒಳಗೆ ಕತ್ತಲೆ. ಇನ್ವರ್ಟರು ಪ್ರೊಜೆಕ್ಟರನ್ನು ಎಳೆಯಲಿಲ್ಲ. ಕುಮಟಾದಲ್ಲಿ ಗ್ಯಾರೇಜು ನಡೆಸುವ ಹುಡುಗನೊಬ್ಬ ಕತ್ತಲೆಯಲ್ಲಿಯೇ, ಆ ಕಂಬದ ಹೊಡೆತ ನಟನೆಯದ್ದಲ್ಲ, ಚಾಲಕ ತಾನೇ ನಿರೀಕ್ಷಿಸದ ಹೊಡೆತ ಎಂದು ವಾದಿಸತೊಡಗಿದ. ಯೋಜಿಸಿ ಮಾಡಿದ ಡಿಕ್ಕಿಯಲ್ಲಿ ಕಾರು ಹೋಗಬೇಕಾದ ಕಡೆಗೇ ಹೋಗುತ್ತದೆ, ಇದು ಹಾಗೆ ಹೋಗಲಿಲ್ಲ, ಹಿಂಬದಿ ಎಳೆದುಕೊಂಡು ಬಂತು ಎಂಬುದು ಅವನ ವಾದ. ಅವನು ಹೇಳಿದ್ದು ನಿಜ. ಅದು ಚಿತ್ರೀಕರಣದಲ್ಲಿ ಆದ ನಿಜವಾದ ಅಪಘಾತ, ಹ್ಯಾಲಿಕಿ ಅದನ್ನು ಚಿತ್ರದಲ್ಲಿಯೇ ಉಳಿಸಿಕೊಂಡರು. ನನಗೆ ಇದು ಓದಿ ಗೊತ್ತಿತ್ತು. ಅವನು ಕಾರಿನ ನಡೆಯನ್ನು ನೋಡಿ ಹೇಳಿದ. ಮುಕ್ಕಾಲು ಗಂಟೆ ಕತ್ತಲೆಯಲ್ಲಿ ನಡೆದ ಆ ಮಾತಿನಲ್ಲಿ ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ, ಬಹುಶಃ ಅದೇ ಕಾರಣಕ್ಕೆ ಎಲ್ಲರೂ ಮಾತಾಡಿದರು. ಈಗ ನಾವು ಬೆನ್ನಟ್ಟುವ ದೃಶ್ಯದ ನಡುವೆ ಬೇಕೆಂದೇ ಹತ್ತು ನಿಮಿಷ ನಿಲ್ಲಿಸುತ್ತೇವೆ, ದೀಪವನ್ನು ಮಾತ್ರ ಹಾಕುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು

‘ಇಷ್ಟವಾಯಿತೇ?’ ಎಂದು ಕೇಳಿದರೆ ‘ಅಡ್ಡಿಲ್ಲೆ’ ತಪ್ಪಿದ್ದಲ್ಲ. ಪ್ರಶ್ನೆಯಲ್ಲಿ ಒಂದು ವಸ್ತು, ಒಂದು ಕ್ಷಣ, ಇಲ್ಲವೇ ಒಂದು ಕೆಲಸ ಇರಬೇಕು. ಎಲ್ಲಿ ಕಾಲು ತಾನಾಗಿ ಬ್ರೇಕಿನ ಕಡೆಗೆ ಹೋಯಿತು? ಯಾವ ಹೊತ್ತಿನಲ್ಲಿ ಪಕ್ಕದವರ ಕಡೆಗೆ ತಿರುಗಿದಿರಿ? ಯಾವ ಮಾತನ್ನು ನಂಬಲಿಲ್ಲ? ದೇವಿಮನೆ ಘಟ್ಟದಲ್ಲಿ ದಿನವೂ ಟೆಂಪೊ ಏರಿಸಿ ಇಳಿಸುವವರೊಬ್ಬರು ಮೊದಲನೆಯ ಪ್ರಶ್ನೆಗೆ, ಹೊಸ ಚಿತ್ರದಲ್ಲಿ ಒಮ್ಮೆಯೂ ಕಾಲು ಹೋಗಲಿಲ್ಲ, ಹಳೆಯದರಲ್ಲಿ ಕಾಲು ನೋಯುವಷ್ಟು ಹೋಯಿತು ಎಂದರು. ಕಾರಣ ಕೇಳಿದಾಗ, ಹೊಸದರಲ್ಲಿ ಗೇರು, ಚಕ್ರ, ಮುಖ, ಮತ್ತೆ ಗೇರು ಎಂದು ತುಂಡುತುಂಡಾಗಿ ತೋರಿಸುತ್ತಾರೆ, ರಸ್ತೆ ಎಲ್ಲಿ ತಿರುಗುತ್ತದೆಂದು ತಮಗೆ ತಿಳಿಯುವುದೇ ಇಲ್ಲ, ರಸ್ತೆ ಕಾಣದಿದ್ದರೆ ಹೆದರಿಕೆ ಎಲ್ಲಿಂದ ಬರಬೇಕು ಎಂದರು. ಸಂಕಲನದ ವಿಷಯದಲ್ಲಿ ಇದಕ್ಕಿಂತ ಖಚಿತವಾದ ಮಾತನ್ನು ನಾನು ಓದಿಲ್ಲ. ಹಳೆಯ ಚಿತ್ರದ ಬೆನ್ನಟ್ಟುವಿಕೆ ಹಗಲು ಬೆಳಕಿನಲ್ಲಿ, ಬಿಡದೆ ಕಾಣುವ ಬೀದಿಗಳಲ್ಲಿ ನಡೆಯುತ್ತದೆ. ಹೊಸದರ ಕಳ್ಳತನಗಳು ಬಹುಪಾಲು ಒಂದೇ ರಾತ್ರಿಯಲ್ಲಿ, ಹೊಂಬಣ್ಣದ ಬೆಳಕಿನಲ್ಲಿ ನಡೆಯುತ್ತವೆ. ‘ನಿಧಾನ’, ‘ವೇಗ’ ಎಂಬ ಪದಗಳನ್ನು ಯಾರಾದರೂ ಬಳಸಿದರೆ, ಕಾರಿನ ವೇಗವೋ, ಕತ್ತರಿಯ ವೇಗವೋ, ಕಥೆಯ ವೇಗವೋ ಎಂದು ತಕ್ಷಣ ಕೇಳಿ ಬಿಡಿಸಿಕೊಳ್ಳಬೇಕು. ಬಿಡಿಸದೆ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಹಾರುವ ದೃಶ್ಯದ ಬಗ್ಗೆ ಪ್ರತ್ಯೇಕವಾಗಿ ಕೇಳಬೇಕು, ಏಕೆಂದರೆ ಮೂಲಕ್ಕೂ ರೀಮೇಕಿಗೂ ನಡುವಿನ ಅಂತರ ಅಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. 1974ರಲ್ಲಿ ಹ್ಯಾಲಿಕಿ ನಿಜವಾಗಿಯೂ ಕಾರನ್ನು ಹಾರಿಸಿದರು, ಇಳಿದ ಪೆಟ್ಟಿಗೆ ಅವರ ಬೆನ್ನೆಲುಬಿಗೆ ಏಟಾಯಿತು. 2000ದಲ್ಲಿ ಲಾಸ್ ಏಂಜಲೀಸಿನ ವಿನ್ಸೆಂಟ್ ಥಾಮಸ್ ಸೇತುವೆಯ ಮೇಲೆ ಕಾರು ಹಾರುವುದಕ್ಕೆ ಕಂಪ್ಯೂಟರಿನ ನೆರವು ಬೇಕಾಯಿತು, ಅದು ನೋಡಿದವರಿಗೆ ಗೊತ್ತಾಗುತ್ತದೆ. ಶಿರಸಿಯ ಹುಡುಗರು ಆ ಹಾರುವಿಕೆಗೆ ನಕ್ಕರು. ಕಾರವಾರದಲ್ಲಿ ಯಾರೂ ನಗಲಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದದ್ದು, ಚಾಲಕನನ್ನು ಮೇಲೆತ್ತಿದ್ದು ಆ ಕೋಣೆಯಲ್ಲಿ ಕೂತ ಎಲ್ಲರಿಗೂ ನೆನಪಿನಲ್ಲಿತ್ತು. ಸದಾಶಿವಗಡದ ಕಡೆಯಿಂದ ಬಂದಿದ್ದ ಒಬ್ಬರು ಚೀಟಿಯಲ್ಲಿ, ಸೇತುವೆಯ ಮೇಲೆ ವಾಹನಗಳು ಸಾಲಾಗಿ ನಿಂತದ್ದನ್ನು ಕಂಡಾಗ ಕಳ್ಳ ಮರೆತುಹೋದ, ಕಂಬಗಳ ಕಡೆಗೆ ಕಣ್ಣು ಹೋಯಿತು ಎಂದು ಬರೆದಿದ್ದರು. ಇಂಥ ಅಭಿಪ್ರಾಯವನ್ನು ‘ಚಿತ್ರಕ್ಕೆ ಸಂಬಂಧವಿಲ್ಲ’ ಎಂದು ತೆಗೆದುಹಾಕಬಾರದು. ಎಲ್ಲಿ ಕೂತು ನೋಡಿದವರು ಎಂಬುದನ್ನು ಜೊತೆಗೆ ಬರೆದರಾಯಿತು.

ಕಾರು ಕಳ್ಳತನದ ಸರಿತಪ್ಪುಗಳ ಪ್ರಶ್ನೆಯನ್ನು ಕೇಳಲೇಬೇಕು, ಆದರೆ ‘ಕಳ್ಳನನ್ನು ನಾಯಕನನ್ನಾಗಿ ತೋರಿಸುವುದು ಸರಿಯೇ?’ ಎಂದು ಕೇಳಿದರೆ ಶಾಲೆಯ ಚರ್ಚಾಸ್ಪರ್ಧೆ ಶುರುವಾಗುತ್ತದೆ. ನಾಯಕನ ಲೆಕ್ಕಾಚಾರವನ್ನೇ ಮುಂದಿಡಬೇಕು. ಹಳೆಯ ಚಿತ್ರದ ಪೇಸ್ ವಿಮೆ ಮಾಡಿಸಿದ ಕಾರನ್ನು ಮಾತ್ರ ಕದಿಯುತ್ತಾನೆ. ಒಂದು ಎಲಿನೋರ್‌ಗೆ ವಿಮೆ ಇಲ್ಲವೆಂದು ತಿಳಿದಾಗ ಅದನ್ನು ಹಿಂದಕ್ಕೆ ಒಯ್ದು ಬಿಡುತ್ತಾನೆ. ‘ಮಾಲೀಕನಿಗೆ ನಷ್ಟವಿಲ್ಲವಲ್ಲ’ ಎಂದು ನಮ್ಮ ಜಗಲಿಯ ಕೆಲವರು ತಲೆದೂಗಿದರು. ಹಳೆಯ ಜೀಪೊಂದನ್ನು ತೋಟದ ಕೆಲಸಕ್ಕೆ ಇಟ್ಟುಕೊಂಡಿರುವ ನೆರೆಮನೆಯವರು ಮಾತ್ರ ಕೆರಳಿದರು. ನಮ್ಮಲ್ಲಿ ಕಾನೂನಿನ ಪ್ರಕಾರ ಎಲ್ಲ ವಾಹನಕ್ಕೂ ಇರಬೇಕಾದ್ದು ಥರ್ಡ್ ಪಾರ್ಟಿ ವಿಮೆ. ಅದು ನಿಮ್ಮ ವಾಹನದಿಂದ ಇನ್ನೊಬ್ಬರಿಗೆ ಆದ ಹಾನಿಗೆ ಮಾತ್ರ, ವಾಹನ ಕಳುವಾದರೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ, ಅದಕ್ಕೆ ಫುಲ್ ಇನ್ಶೂರೆನ್ಸ್ ಬೇಕು. ‘ನನ್ನ ಜೀಪಿಗೆ ವಿಮೆಯೂ ಇದೆ, ಕದ್ದರೆ ನಷ್ಟವೂ ನನ್ನದೇ, ಆ ಪೇಸನ ಲೆಕ್ಕದಲ್ಲಿ ನಾನು ಎಲ್ಲಿ ಬರುತ್ತೇನೆ?’ ಎಂದು ಅವರು ಕೇಳಿದ ಮೇಲೆ ತಲೆದೂಗಿದವರು ಸುಮ್ಮನಾದರು. ಹೊಸ ಚಿತ್ರದ ಮೆಂಫಿಸನ ಮೇಲೆ ಅದೇ ನೆರೆಯವರಿಗೆ ಅಷ್ಟು ಸಿಟ್ಟು ಬರಲಿಲ್ಲ, ಏಕೆಂದರೆ ಅವನು ಕದಿಯುವುದು ತಮ್ಮನಿಗಾಗಿ. ರೀಮೇಕ್ ಮಾಡಿದವರು ತಮ್ಮನನ್ನು ಕಥೆಗೆ ತಂದದ್ದು ಏಕೆ ಎಂಬುದಕ್ಕೆ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಆದರೂ ಪೇಸನ ತಣ್ಣಗಿನ ಲೆಕ್ಕಾಚಾರವೇ ಹೆಚ್ಚು ಪ್ರಾಮಾಣಿಕವೆಂದು ನನಗೆ ಅನಿಸುತ್ತದೆ. ಮೆಂಫಿಸನ ಅಣ್ಣತಮ್ಮಂದಿರ ಪ್ರೀತಿ ಚಿತ್ರಕಥೆ ಬರೆದವರಿಗೆ ಸಿಕ್ಕ ಜಾಮೀನಿನಂತೆ ಕಾಣುತ್ತದೆ.

ತಾಂತ್ರಿಕ ಸಂಶಯಗಳನ್ನು ಬೇಗ ಮುಗಿಸಬೇಕು. 1967ರ ಕಾರಿಗೂ ಇಂದಿನ ಕಾರಿಗೂ ಅಂತರವಿದೆ, ಇಂದಿನ ಬೀಗದ ಕೈಯಲ್ಲಿ ಇರುವ ಚಿಪ್ಪನ್ನು ಕಾರಿನ ಕಂಪ್ಯೂಟರು ಗುರುತಿಸದೆ ಎಂಜಿನ್ನು ಚಾಲೂ ಆಗಲು ಬಿಡುವುದಿಲ್ಲ ಎಂದು ಒಂದು ಮಾತು ಹೇಳಿದರೆ ಸಾಕು. ‘ಅರವತ್ತು ಸೆಕೆಂಡಿನಲ್ಲಿ ಸಾಧ್ಯವೇ’ ಎಂಬಲ್ಲಿಗೆ ಮಾತು ಜಾರಿದರೆ ಚಿತ್ರ ಹಿಂದೆ ಬಿದ್ದು, ಗ್ಯಾರೇಜಿನ ಹುಡುಗನೊಬ್ಬನೇ ರಾತ್ರಿಯಿಡೀ ಮಾತಾಡುತ್ತಾನೆ.

ಕಾರು ಪಾತ್ರವೇ?

ಎಲಿನೋರ್ ಬಗ್ಗೆ ಪ್ರಶ್ನೆ ಕೇಳುವ ಯೋಜನೆ ನಮಗಿರಲಿಲ್ಲ. ಹಳೆಯ ಚಿತ್ರದ ಕೊನೆಗೆ ಕಾರು ಮುಂಭಾಗ ನುಗ್ಗಾಗಿ, ಬಾಗಿಲು ಒಳಕ್ಕೆ ಹೋಗಿ, ಕುಂಟುತ್ತ ಬರುವಾಗ, ಒಳಗಿನ ಬಾಗಿಲಿಗೆ ಒರಗಿ ನೋಡುತ್ತಿದ್ದ ನಮ್ಮತ್ತೆ ‘ಪಾಪ, ಆ ಹಳದಿ ಕಾರಿಗೆ ಎಷ್ಟು ನೋವಾತೇನ’ ಎಂದರು. ಇಡೀ ಸಂಜೆ ಅವರು ಆಡಿದ್ದು ಅದೊಂದೇ ಮಾತು. ಯಾವ ನಟನ ಮೇಲೂ ಅವರಿಗೆ ಕನಿಕರ ಬಂದಿರಲಿಲ್ಲ, ಬಂದದ್ದು ಕಾರಿನ ಮೇಲೆ. ಆ ಚಿತ್ರದ ಹೆಸರುಗಳ ಪಟ್ಟಿಯಲ್ಲಿ ಕೂಡ ಎಲಿನೋರನ್ನು ತಾರೆಯಾಗಿಯೇ ಹಾಕಿದ್ದಾರೆ.

ಅಮೆರಿಕದ ನ್ಯಾಯಾಲಯಗಳಲ್ಲಿ ಇದೇ ಪ್ರಶ್ನೆ ವರ್ಷಗಟ್ಟಲೆ ನಡೆಯಿತು ಎಂಬುದನ್ನು ಅತ್ತೆಗೆ ನಾನು ಆಮೇಲೆ ಹೇಳಿದೆ. ಹ್ಯಾಲಿಕಿಯವರ ಹೆಂಡತಿಯ ಕಡೆಯವರಿಗೂ ಶೆಲ್ಬಿ ಕಾರುಗಳ ಹಕ್ಕಿನವರಿಗೂ ನಡೆದ ವ್ಯಾಜ್ಯದಲ್ಲಿ, ಎಲಿನೋರ್ ಕೃತಿಸ್ವಾಮ್ಯಕ್ಕೆ ಅರ್ಹವಾದ ಪಾತ್ರವೇ ಅಲ್ಲವೇ ಎಂಬುದು ಮುಖ್ಯ ಪ್ರಶ್ನೆಯಾಗಿತ್ತು. 2025ರ ಮೇ ತಿಂಗಳಲ್ಲಿ ಅಲ್ಲಿಯ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಅದು ಪಾತ್ರವಲ್ಲ ಎಂದು ಹೇಳಿತು. ಚಿತ್ರದಿಂದ ಚಿತ್ರಕ್ಕೆ ಅದರ ರೂಪ, ಬಣ್ಣ ಬದಲಾಗುತ್ತವೆ, ಅದಕ್ಕೆ ತನ್ನದೇ ಮನಸ್ಸಿನಂಥದ್ದು ಯಾವುದೂ ಇಲ್ಲ, ಅದು ಚಿತ್ರದ ಇತರ ಸಾಮಗ್ರಿಯಂತೆ ಒಂದು ಸಾಮಗ್ರಿ ಎಂಬುದು ತೀರ್ಪಿನ ದಾರಿ. ಅತ್ತೆ ಒಪ್ಪಲಿಲ್ಲ. ಕೃತಿಸ್ವಾಮ್ಯದ ಪ್ರಶ್ನೆಯಾಗಿ ನ್ಯಾಯಾಲಯ ಹೇಳಿದ್ದು ಸರಿಯಿರಬಹುದು, ನೋಡುಗರ ಅಭಿಪ್ರಾಯವಾಗಿ ಅತ್ತೆಯ ಮಾತೂ ದಾಖಲೆಯಲ್ಲಿ ಇರಬೇಕು. ಕುತೂಹಲದ ವಿಷಯವೆಂದರೆ ಹೊಸ ಚಿತ್ರದ ಬೂದು ಕಾರಿಗೆ ನೋವಾಯಿತೆಂದು ಎರಡೂ ಕೂಟಗಳಲ್ಲಿ ಯಾರೂ ಹೇಳಲಿಲ್ಲ. ‘ಚೆಂದ’, ‘ಬೆಲೆ ಎಷ್ಟಿರಬಹುದು’, ‘ಮೈಲೇಜು ಕೊಡುವುದಿಲ್ಲ’ ಎಂದವರೇ ಎಲ್ಲರೂ. ಆದ್ದರಿಂದ ನಿಮ್ಮ ಪ್ರಶ್ನೆಗಳ ಸಾಲಿನಲ್ಲಿ ‘ಯಾವ ಕಾರಿನ ಮೇಲೆ ಕನಿಕರ ಬಂತು, ಯಾವುದರ ಮೇಲೆ ಆಸೆ ಬಂತು?’ ಎಂಬುದನ್ನು ಸೇರಿಸಿಕೊಳ್ಳಿ.

ಬರೆದಿಡುವುದು

ಚೀಟಿಗಳನ್ನು ಮರುದಿನವೇ ನೋಟುಬುಕ್ಕಿಗೆ ಏರಿಸಬೇಕು, ಇಲ್ಲವಾದರೆ ಯಾರ ಅಕ್ಷರ ಯಾವುದೆಂದು ಬರೆದವರಿಗೂ ತಿಳಿಯುವುದಿಲ್ಲ. ಪ್ರತಿ ಅಭಿಪ್ರಾಯದ ಪಕ್ಕದಲ್ಲಿ ಮೂರು ಸಂಗತಿಗಳು ಸಾಕು: ಹೇಳಿದವರ ಕಸುಬು ಅಥವಾ ವಯಸ್ಸಿನ ಅಂದಾಜು, ಅವರು ಯಾವ ಚಿತ್ರವನ್ನು ಮೊದಲು ನೋಡಿದ್ದರು, ಕೊನೆಯವರೆಗೆ ಕೂತಿದ್ದರೇ ಎಂಬುದು. ಕೊನೆಯದು ಮುಖ್ಯ. ಕೊನೆಯ ಬಸ್ಸು ಹಿಡಿಯಲು ಎದ್ದು ಹೋದವರ ‘ಬೇಸರವಾಯಿತು’ ಮತ್ತು ಪೂರ್ತಿ ಕೂತು ನೋಡಿದವರ ‘ಬೇಸರವಾಯಿತು’ ಒಂದೇ ಅಲ್ಲ.

ಐದಕ್ಕೆ ಎಷ್ಟು ನಕ್ಷತ್ರ ಎಂದು ಕೇಳುವುದನ್ನು ನಾವು ಬಿಟ್ಟೆವು. ಹದಿನಾಲ್ಕು ಮಂದಿಯ ನಕ್ಷತ್ರಗಳನ್ನು ಕೂಡಿಸಿ ಭಾಗಿಸಿದರೆ ಮೂರೂಕಾಲು ಬಂತು ಎನ್ನಿ, ಟೆಂಪೊದವರ ಬ್ರೇಕಿನ ಮಾತು, ಜೀಪಿನವರ ಸಿಟ್ಟು, ಅತ್ತೆಯ ಕನಿಕರ ಆ ಕಾಲಿನಲ್ಲಿ ಎಲ್ಲಿ ಹೋಯಿತು? ಭಿನ್ನಾಭಿಪ್ರಾಯಗಳನ್ನು ಸಮ ಮಾಡುವ ಆಸೆಗೆ ಬೀಳಬಾರದು. ಖಳನಾಯಕನಿಗೆ ಮರಗೆಲಸದ ಹುಚ್ಚು ಇರುವುದನ್ನು ಹೊಸ ಚಿತ್ರದ ಒಳ್ಳೆಯ ಅಂಶವೆಂದು ಒಬ್ಬರು ಹೊಗಳಿದರು, ಮನೆಯಲ್ಲಿ ಮರದ ಕೆತ್ತನೆಯ ಕೆಲಸ ನೋಡುತ್ತ ಬೆಳೆದ ಇನ್ನೊಬ್ಬರು ಉಳಿ ಹಿಡಿಯುವವನನ್ನೇ ಕೆಟ್ಟವನನ್ನಾಗಿ ಮಾಡಬೇಕಿತ್ತೇ ಎಂದು ಬೇಸರಿಸಿದರು. ಎರಡನ್ನೂ ಒಂದರ ಕೆಳಗೆ ಒಂದು ಬರೆದೆವು. ನಡೆಸಿದವರು ತಮ್ಮ ಅಭಿಪ್ರಾಯವನ್ನೂ ಬರೆಯಬಹುದು, ಆದರೆ ಎಲ್ಲಕ್ಕಿಂತ ಕೊನೆಗೆ, ತಮ್ಮದೆಂದು ತೋರಿಸಿ.

ಆಮೇಲೆ ಒಂದು ವಾರ ಬಿಟ್ಟು ಮತ್ತೊಮ್ಮೆ ಕೇಳಬೇಕು. ಈ ಸಲ ಕೂಟ ಬೇಡ, ದಾರಿಯಲ್ಲಿ ಸಿಕ್ಕಾಗ ‘ಈಗ ಏನು ನೆನಪಿದೆ?’ ಎಂದು ಕೇಳಿದರೆ ಸಾಕು. ಮೊದಲ ರಾತ್ರಿ ಚೀಟಿಯ ತುಂಬ ಬರೆದವರಿಗೆ ಏನೂ ನೆನಪಿರುವುದಿಲ್ಲ, ಏನೂ ಹೇಳದವರ ತಲೆಯಲ್ಲಿ ಯಾವುದೋ ಒಂದು ಚೂರು ಉಳಿದಿರುತ್ತದೆ. ಹಳೆಯ ಚಿತ್ರದ ಕೊನೆಯಲ್ಲಿ ಪೇಸ್ ಕಾರು ತೊಳೆಯುವ ಜಾಗಕ್ಕೆ ಬಂದು, ನುಗ್ಗಾದ ತನ್ನ ಎಲಿನೋರನ್ನು ಅಲ್ಲಿ ಬಿಟ್ಟು, ಅದೇ ಬಣ್ಣದ ಇನ್ನೊಬ್ಬರ ಮಸ್ಟಾಂಗನ್ನು ಏರಿ ಹೊರಟುಹೋಗುತ್ತಾನೆ. ಎಂಟು ದಿನಗಳ ಮೇಲೆ ಸೊಸೈಟಿಯಲ್ಲಿ ಅಡಿಕೆ ಚೀಲ ಇಳಿಸುತ್ತಿದ್ದಾಗ ಸಿಕ್ಕ ಸೋದರಮಾವ, ನಾನು ಕೇಳುವ ಮೊದಲೇ, ‘ಆ ತೊಳಿಯಲೆ ಬಿಟ್ಟ ಕಾರಿನವ್ರ ಕಥೆ ಕಡಿಗೆ ಎಂತ ಆತು?’ ಎಂದು ವಿಚಾರಿಸಿದರು. ಚಿತ್ರ ಅದನ್ನು ಹೇಳುವುದಿಲ್ಲ ಎಂದೆ. ಮನೆಗೆ ಬಂದು ನೋಟುಬುಕ್ಕು ತೆಗೆದು, ಅವರ ‘ಅಡ್ಡಿಲ್ಲೆ’ಯ ಕೆಳಗೆ ದಿನಾಂಕ ಹಾಕಿ, ಆ ಪ್ರಶ್ನೆಯನ್ನು ಬರೆದುಕೊಂಡೆ.